ಮುನಿಯ ಮುಂಗೈ

ಮುನಿ ಎಂದರೆ ಕಾಡಿನಲ್ಲಿ ಕೂತು ಜಪ ಮಾಡುವ ಮುನಿಯಲ್ಲ, ಮುಟ್ಟಿದರೆ ಮುನಿ. ಬೆರಳು ಸೋಕಿದರೆ ಸಾಕು, ಎಲೆ ಮಡಚಿಕೊಂಡು ಮುಖ ತಿರುಗಿಸುವ ಆ ಪುಟ್ಟ ಮುಳ್ಳುಗಿಡ. ಆ ಹೆಸರಿಟ್ಟವಳು ದೊಡ್ಡಮ್ಮ. ಕೂಗಿ ಕರೆಯಲು ಉದ್ದವಾಯಿತೆಂದು ತಲೆ ಕತ್ತರಿಸಿ ಬಾಲ ಉಳಿಸಿಕೊಂಡವಳೂ ಅವಳೇ. ಹುಡುಗಿಯ ಚರ್ಮ ಆ ಹೆಸರಿಗೆ ತಕ್ಕ ಹಾಗೇ ಇತ್ತು. ಹೊಸ ಸಾಬೂನು ತಾಗಿದರೆ ಕೆಂಪಾಗುತ್ತಿತ್ತು, ಒರಟು ಟವೆಲು ಉಜ್ಜಿದರೆ ದದ್ದು ಏಳುತ್ತಿತ್ತು, ಒಂದು ಬಡಕಲು ಸೊಳ್ಳೆ ಕಚ್ಚಿದರೂ ಅರ್ಧ ನಿಂಬೆಹಣ್ಣು ಕವುಚಿಟ್ಟ ಹಾಗೆ ಊದಿಕೊಳ್ಳುತ್ತಿತ್ತು.

ತಾಯಿ ಸತ್ತ ವರ್ಷ ಅವಳು ಆ ಮನೆಗೆ ಬಂದಳು. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಅವಳನ್ನೂ ಒಂದು ಬಟ್ಟೆಗಂಟನ್ನೂ ಹೊಸ್ತಿಲಲ್ಲಿ ಇಳಿಸಿ, “ಸ್ವಲ್ಪ ದಿನ ಇರ್ಲಿ ಅತ್ತಿಗೆ” ಎಂದು ಹೋದವನು ತಿರುಗಿ ನೋಡಲಿಲ್ಲ. ಆ ಸ್ವಲ್ಪ ದಿನ ಮುಗಿಯಲೂ ಇಲ್ಲ. ದೊಡ್ಡಮ್ಮ ತಾಯಿಯ ಒಡಹುಟ್ಟಿದ ಅಕ್ಕ. “ನನ್ನ ತಂಗಿ ಮಗಳಲ್ವಾ, ಬೀದೀಲಿ ಬಿಡೋಕಾಗುತ್ತಾ?” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಹುಡುಗಿಯ ತಲೆ ಸವರುತ್ತಿದ್ದಳು. ತಲೆ ಸವರಿದ ಕೈಯೇ ಮರುಕ್ಷಣ ಪೊರಕೆ ಇರುವ ಮೂಲೆಯನ್ನು ತೋರಿಸುತ್ತಿತ್ತು.

ಮನೆ ಎಂದರೆ ಎರಡು ಕೋಣೆ, ಹಿಂದೊಂದು ಅಡುಗೆಮನೆ. ಬೀದಿಯ ಕಡೆಯ ಕಿಟಕಿಗೆ ಒತ್ತಿಕೊಂಡು ದೊಡ್ಡಪ್ಪನ ಹೊಲಿಗೆ ಮಷೀನು. ಅವನು ಹೊಸ ಬಟ್ಟೆ ಹೊಲಿಯುವ ದರ್ಜಿಯಲ್ಲ. ಅಗಲವಾದದ್ದನ್ನು ಹಿಡಿದು, ಉದ್ದವಾದದ್ದನ್ನು ಮಡಿಸಿ, ಹರಿದದ್ದಕ್ಕೆ ತೇಪೆ ಹಾಕಿ ಕೊಡುವವನು. ಮನೆಯ ಮಾತುಕತೆಯಲ್ಲೂ ಅವನ ಕೆಲಸ ಅಷ್ಟೇ. ಅಡುಗೆಮನೆ ದೊಡ್ಡಮ್ಮನದು. ಅಲ್ಲಿ ಅನ್ನಕ್ಕಿಂತ ಹೆಚ್ಚಾಗಿ ಬೇಯುತ್ತಿದ್ದದ್ದು ಮುಲಾಮು.

ಮುಲಾಮೇನೂ ಬ್ರಹ್ಮವಿದ್ಯೆಯಲ್ಲ. ಚೆಂಡುಹೂವಿನ ಎಸಳನ್ನು ನೆರಳಲ್ಲಿ ಹರಡಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಸಬೇಕು. ಹಸಿ ಉಳಿದರೆ ಎಣ್ಣೆ ಕೆಡುತ್ತದೆ. ಒಣಗಿದ ಎಸಳು, ಒಂದು ಹಿಡಿ ಬೇವಿನೆಲೆ, ಮುಳುಗುವಷ್ಟು ಕೊಬ್ಬರಿ ಎಣ್ಣೆ. ಇಷ್ಟನ್ನೂ ಒಂದು ಮಡಕೆಗೆ ಹಾಕಿ, ಅದನ್ನು ಕುದಿಯುವ ನೀರಿನ ಪಾತ್ರೆಯ ಮೇಲೆ ಕೂರಿಸಿ ಸಣ್ಣ ಉರಿಯಲ್ಲಿ ಬಿಡಬೇಕು. ಎಣ್ಣೆಗೆ ನೇರ ಬೆಂಕಿ ತಾಗಬಾರದು. ಬಣ್ಣ ಇಳಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಿ, ತುರಿದ ಜೇನುಮೇಣ ಹಾಕಿ ಕರಗಿಸಬೇಕು. ತಣ್ಣಗಿನ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಹದ ಗೊತ್ತಾಗುತ್ತದೆ: ಕಲ್ಲಾದರೆ ಇನ್ನಷ್ಟು ಎಣ್ಣೆ, ಹರಿದರೆ ಇನ್ನಷ್ಟು ಮೇಣ ಹಾಕಬೇಕು. ಆಮೇಲೆ ಡಬ್ಬಿಗೆ ಸುರಿದು, ಅಲುಗಾಡಿಸದೆ ಬಿಟ್ಟರೆ ಮುಗಿಯಿತು. ಒಡೆದ ಹಿಮ್ಮಡಿಗೆ, ಸೀಳಿದ ತುಟಿಗೆ, ಪಾತ್ರೆ ತೊಳೆದು ಬಿರಿದ ಕೈಗೆ ಬೀದಿಯ ಹೆಂಗಸರು ಒಯ್ಯುತ್ತಿದ್ದರು.

ಒಮ್ಮೆ ಮುನಿಯ ಮೊಣಕೈ ತರಚಿದಾಗ ದೊಡ್ಡಮ್ಮ ಹೊಸದಾಗಿ ಮಾಡಿದ ಮುಲಾಮನ್ನು ಹಚ್ಚಿದಳು. ಬೆಳಿಗ್ಗೆಯ ಹೊತ್ತಿಗೆ ತೋಳು ತುಂಬ ಗಂಧೆ. “ಏನು ಚರ್ಮವೋ ಇದು, ಮಹಾರಾಣಿ ಚರ್ಮ!” ಎಂದು ಬೈದು ಸುಮ್ಮನಾದಳು. ಮಾರನೆಯ ದಿನ ಎದುರುಮನೆಯ ಟೀಚರು ಅದೇ ಮಡಕೆಯ ಮುಲಾಮಿನ ಡಬ್ಬಿ ಹಿಡಿದು ಬಂದರು. ಅವರ ತುಟಿಯೂ ಊದಿತ್ತು. ಎಣ್ಣೆ ಹಳಸಿತ್ತು. ದೊಡ್ಡಮ್ಮ ಟೀಚರ ಎದುರು ಕೈಮುಗಿದು ಡಬ್ಬಿ ವಾಪಸು ತಗೊಂಡಳು, ಬಾಗಿಲು ಹಾಕಿ ಮುನಿಯನ್ನು ಕರೆದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಹಳೇ ಸೀರೆಯ ಮಡಿಕೆಯಲ್ಲಿ ಚಿನ್ನ ಸಿಕ್ಕವಳ ಹಾಗೆ ನೋಡುತ್ತಿದ್ದಳು.

“ಊರಿಗೆಲ್ಲ ಆಗೋದು ನಿಂಗೆ ಒಂದು ದಿನ ಮುಂಚೆ ಆಗುತ್ತೆ ಕಣೇ.”

ಅಂದಿನಿಂದ ಪ್ರತಿ ಮಡಕೆಯ ಮೊದಲ ಹನಿ ಮುನಿಯ ಎಡಗೈಯ ಮುಂಗೈಗೆ ಬಿತ್ತು. ಹಚ್ಚಿದ ಮೇಲೆ ತೊಳೆಯುವಂತಿಲ್ಲ, ತುರಿಸುವಂತಿಲ್ಲ, ತೋಳಿನ ಬಟ್ಟೆ ಇಳಿಸುವಂತಿಲ್ಲ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಂಡರೆ ಬೆಳಿಗ್ಗೆ ಊಟವಿಲ್ಲ. ಇದರಲ್ಲಿ ಅಚ್ಚರಿಯ ಸಂಗತಿ ಎಂದರೆ, ಮೊದಮೊದಲು ಮುನಿಗೆ ಇದು ಕಷ್ಟ ಎನಿಸಲೇ ಇಲ್ಲ. ಆ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳಲು ಒಂದು ತಟ್ಟೆಯೂ ಇರಲಿಲ್ಲ. ಈಗ ಅವಳ ಒಂದು ಕೈಯಾದರೂ ಮನೆಗೆ ಬೇಕಾದದ್ದಾಯಿತು. ಬಂದವರ ಮುಂದೆ ದೊಡ್ಡಮ್ಮ ಅವಳನ್ನು ಕರೆದು, ತೋಳಿನ ಬಟ್ಟೆ ಮಡಚಿ, ಅಂಗಡಿಯವನು ಬಟ್ಟೆಯ ಥಾನು ಬಿಚ್ಚಿ ತೋರಿಸಿದ ಹಾಗೆ ತೋರಿಸುತ್ತಿದ್ದಳು. “ನೋಡಿ, ನಿನ್ನೆ ಹಚ್ಚಿದ್ದು. ಕೆಂಪಿದೆಯಾ? ಇಲ್ಲ. ನಮ್ಮ ಮುನಿ ಚರ್ಮಕ್ಕೆ ಸುಳ್ಳು ಗೊತ್ತಿಲ್ಲ.” ಹೆಂಗಸರು ಬಗ್ಗಿ ನೋಡುತ್ತಿದ್ದರು, ಉಗುರಿನಿಂದ ಕೆರೆದು ಪರೀಕ್ಷಿಸುತ್ತಿದ್ದರು. ಮುನಿ ತಲೆ ಎತ್ತಿ ನಿಂತಿರುತ್ತಿದ್ದಳು.

ದೊಡ್ಡಮ್ಮನ ಮಗಳು, ಮುನಿ ‘ಅಕ್ಕ’ ಎನ್ನುತ್ತಿದ್ದವಳು, ಆ ಮುಲಾಮನ್ನು ಒಂದು ದಿನವೂ ಹಚ್ಚಿಕೊಂಡವಳಲ್ಲ. “ಛೀ, ಜಿಡ್ಡು” ಎಂದು ಮೂಗು ಮುರಿಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅಕ್ಕ ಹೆಗ್ಗಣವಲ್ಲ, ನಿಜಕ್ಕೂ ಚೆಂದದ ಹುಡುಗಿ. ಕೆನ್ನೆ ಮಾಗಿದ ಹಣ್ಣಿನಂತಿತ್ತು. ಮುಲಾಮು ಬೀದಿ ದಾಟಿ, ಮೂಲೆಯ ಬ್ಯೂಟಿ ಪಾರ್ಲರಿಗೂ ಹೋಗತೊಡಗಿದಾಗ ಡಬ್ಬಿಗೆ ಲೇಬಲ್ಲು ಬಂತು, ಲೇಬಲ್ಲಿನ ಮೇಲೆ ಅಕ್ಕನ ಕೆನ್ನೆ ಬಂತು. ಮುನಿಯೇ ಕೂತು ಒಂದೊಂದು ಡಬ್ಬಿಗೂ ಆ ಕೆನ್ನೆ ಅಂಟಿಸಿದಳು. ಗುಳ್ಳೆ ಬರದ ಹಾಗೆ ಹೆಬ್ಬೆರಳಿನಿಂದ ತೀಡಬೇಕಿತ್ತು.

ಅಕ್ಕನಿಗೆ ಒಳ್ಳೆಯ ಮನೆ ಸಿಕ್ಕಿತು, ಮದುವೆಯಾಗಿ ಹೋದಳು. ಮನೆಯಲ್ಲಿ ಉಳಿದವರು ಮೂರು ಜನ ಮತ್ತು ಒಂದು ಆಸೆ. ಆ ಆಸೆಯನ್ನು ಹೊತ್ತಿಸಿದವಳು ಪಾರ್ಲರಿನವಳು. “ಒಡೆದ ಹಿಮ್ಮಡಿಗೆ ಎಷ್ಟು ದಿನ ಹಚ್ತೀರಮ್ಮ? ಜನಕ್ಕೆ ಬೇಕಾಗಿರೋದು ಬೆಳ್ಳಗಿನ ಬಣ್ಣ” ಎಂದು ಹೆಸರಿಲ್ಲದ ಒಂದು ಪೊಟ್ಟಣ ತಂದುಕೊಟ್ಟಳು. ಒಳಗೆ ಹಿಟ್ಟಿನಂಥ ಬಿಳಿ ಪುಡಿ. ವಾಸನೆ ಇಲ್ಲ, ರುಚಿ ಯಾರೂ ನೋಡಲಿಲ್ಲ. ದೊಡ್ಡಮ್ಮ ಒಂದು ಚಮಚ ಪುಡಿಯನ್ನು ಕರಗಿದ ಮುಲಾಮಿಗೆ ಕಲಸಿ ಮುನಿಯ ಮುಂಗೈಗೆ ಹಚ್ಚಿದಳು.

ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎದ್ದು ನೀರು ತುಂಬಿಕೊಂಡಿತು. ಮುನಿ ಪಾತ್ರೆ ತೊಳೆಯುವ ಕಲ್ಲಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

“ಸ್ವಲ್ಪ ಖಾರ ಜಾಸ್ತಿಯಾಯ್ತು” ಎಂದಳು ದೊಡ್ಡಮ್ಮ, ಸಾರಿನ ಮಾತಾಡುವವಳ ಹಾಗೆ. “ನಾಳೆ ಅರ್ಧ ಚಮಚ ಹಾಕೋಣ. ಪಕ್ಕದಲ್ಲಿ ಜಾಗ ಇದೆಯಲ್ಲ.”

ಪಕ್ಕದ ಜಾಗವೂ ಮುಗಿಯಿತು. ಒಂದು ಗಾಯ ಮಾಗುವ ಮೊದಲೇ ಇನ್ನೊಂದು. ಮುಂಗೈ ಕಂದು, ಗುಲಾಬಿ, ಬಿಳಿ ಚುಕ್ಕೆಗಳ ತೇಪೆಯಾಯಿತು. ಕೈಯ ಚರ್ಮ ಬೇರೆ, ಮುಖದ ಚರ್ಮ ಬೇರೆ ಎಂದು ಪಾರ್ಲರಿನವಳು ಹೇಳಿದ ಮೇಲೆ ದೊಡ್ಡಮ್ಮನ ಬೆರಳು ಮುನಿಯ ಕತ್ತಿಗೆ ಏರಿತು. ಆ ದಿನ ಮಾತ್ರ ದೊಡ್ಡಪ್ಪ ಮಷೀನು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡ.

“ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ ಹಾಗಾಯ್ತು ಕಣೇ.”

“ಹೌದಾ? ಹಾಗಾದ್ರೆ ನಿಮ್ಮ ಕತ್ತು ಕೊಡಿ” ಎಂದಳು ದೊಡ್ಡಮ್ಮ, ಬೆರಳ ತುದಿಯಲ್ಲಿ ಮುಲಾಮು ಹಿಡಿದುಕೊಂಡೇ.

ದೊಡ್ಡಪ್ಪ ಮುನಿಯ ಕಡೆ ಒಮ್ಮೆ ನೋಡಿದ, ಕಾಲಡಿಯ ಪೆಡಲು ಒತ್ತಿದ. ಮಷೀನು ಮತ್ತೆ ಓಡತೊಡಗಿತು. ಕತ್ತಿನ ಗಾಯ ತಿಂಗಳುಗಟ್ಟಲೆ ಮಾಗಲಿಲ್ಲ. ಕೊನೆಗೆ ಪುಡಿಯ ಪೊಟ್ಟಣ ಅಟ್ಟ ಸೇರಿತು. ಮುನಿಯ ಮೇಲಿನ ಕನಿಕರದಿಂದಲ್ಲ, ಪುಡಿ ಹಾಕಿದರೆ ಮೇಣ ಒಡೆದು ನೀರು ಬಿಡುತ್ತಿತ್ತು.

ಆ ಮನೆಗೆ ಮೇಣ ತರುತ್ತಿದ್ದವನು ಮಾತು ಕಡಿಮೆಯ ಮನುಷ್ಯ. ಅವನೂ ಅವನ ತಮ್ಮನೂ ಜೇನುಪೆಟ್ಟಿಗೆ ಸಾಕಿದ್ದರು. ಮೈಯೆಲ್ಲ ಹೊಗೆಯ ವಾಸನೆ, ಬೆರಳ ಗಿಣ್ಣುಗಳಲ್ಲಿ ಹುಳ ಕಚ್ಚಿದ ಗುರುತು. ಒಂದು ದಿನ ಮೇಣದ ಗಟ್ಟಿಯನ್ನು ಮುನಿಯ ಕೈಗೆ ಕೊಡುವಾಗ ಕೇಳಿದ:

“ಇದೇನಾಯ್ತು?”

ಅಷ್ಟು ವರ್ಷಗಳಲ್ಲಿ ನೂರಾರು ಜನ ಆ ಕೈ ನೋಡಿದ್ದರು. ಹಾಗೆಂದು ಕೇಳಿದವನು ಇವನೊಬ್ಬನೇ.

“ಕೆಲಸ” ಎಂದಳು.

ಅವನು ತನ್ನ ಗಿಣ್ಣು ತೋರಿಸಿದ. “ನಂದೂ ಕೆಲಸಾನೇ. ಆದ್ರೆ ನನ್ನ ಹುಳಕ್ಕೆ ಕಚ್ಚಿದ ಮೇಲೆ ಜೀವ ಹೋಗುತ್ತೆ. ನಿಮ್ಮ ಹುಳ ಕಚ್ಚಿದ ಮೇಲೂ ಚೆನ್ನಾಗೇ ಇದೆ ಅನ್ಸುತ್ತೆ.”

ಮುನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಒಳಗಿನಿಂದ ದೊಡ್ಡಮ್ಮನ ಕೆಮ್ಮು ಕೇಳಿಸಿತು. ಆಮೇಲೆ ಅವನು ಬರುವ ದಿನ ಅವಳು ಅಂಗಳ ಎರಡು ಸಲ ಗುಡಿಸುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮೇಣವಿಲ್ಲದೆ, ತನ್ನ ಸೋದರತ್ತೆಯನ್ನು ಕರೆದುಕೊಂಡು ಬಂದ. ಹೆಣ್ಣು ಕೇಳುವುದಕ್ಕೆ ಬಂದಿದ್ದರು. ಮುನಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು.

ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟಳು, ಒಳ್ಳೆಯ ಲೋಟದಲ್ಲಿ. ಕಣ್ಣಲ್ಲಿ ನೀರು ತಂದುಕೊಂಡಳು.

“ತಾಯಿಲ್ಲದ ಮಗು, ನನ್ನ ಮಗಳಿಗಿಂತ ಹೆಚ್ಚು ಅಂತ ಸಾಕಿದೀನಿ. ನಿಮ್ಮಂಥೋರು ಸಿಗೋದು ಪುಣ್ಯ. ಆದ್ರೆ ಮುಚ್ಚಿಡೋದು ಪಾಪ ಆಗುತ್ತೆ. ಅವಳಿಗೆ ತೊಗಲಿನ ಕಾಯಿಲೆ ಇದೆ. ನನ್ನ ತಂಗಿಗೂ ಇತ್ತು. ತಂಗಿ ಹೋಗಿದ್ದೇ ಅದರಲ್ಲಿ.”

ಮುನಿಯ ತಾಯಿ ಸತ್ತದ್ದು ಜ್ವರದಲ್ಲಿ. ಸಾಯುವ ಹಿಂದಿನ ದಿನ ಕೂಡ ಅವಳ ಮೈ ಬಾಳೆಯ ಸುಳಿಯಂತಿತ್ತು. ಅದು ದೊಡ್ಡಮ್ಮನಿಗೂ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು. ಮಷೀನು ಓಡುತ್ತಲೇ ಇತ್ತು.

“ಮುನೀ, ಬಾ ಪುಟ್ಟಾ. ತೋಳು ತೋರ್ಸು.”

ಅವಳು ಬಂದಳು. ಆ ದನಿಗೆ ಬಂದು, ತೋಳಿನ ಬಟ್ಟೆ ಮಡಚಿ, ಕೈ ಮುಂದೆ ಚಾಚುವುದು ಅವಳ ಮೈಗೆ ಎಷ್ಟು ರೂಢಿಯಾಗಿತ್ತೆಂದರೆ, ಚಾಚಿದ ಮೇಲೇ ಅವಳಿಗೆ ತಾನೇನು ಮಾಡಿದೆ ಎಂದು ಗೊತ್ತಾದದ್ದು. ಮೇಣದವನ ಅತ್ತೆ ಲೋಟ ಕೆಳಗಿಟ್ಟಳು. ಕುಡಿದು ಮುಗಿಸಿರಲಿಲ್ಲ. ಕತ್ತಿನ ಕಲೆಯನ್ನೂ ದೊಡ್ಡಮ್ಮ ಸೆರಗು ಸರಿಸಿ ತೋರಿಸಿದಳು. ಮೇಣದವನು ಮುನಿಯ ಮುಖ ನೋಡುತ್ತಿದ್ದ, ಏನಾದರೂ ಹೇಳಲಿ ಎಂದು ಕಾಯುವವನ ಹಾಗೆ. ಮುನಿ ಲೆಕ್ಕ ಹಾಕಿದಳು: ಇದು ಕಾಯಿಲೆಯಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ; ಹೇಳಿಬಿಟ್ಟು ಅವರ ಜೊತೆ ಹೋಗಲಾಗದಿದ್ದರೆ ರಾತ್ರಿ ಮಲಗುವುದೆಲ್ಲಿ? ಅಷ್ಟು ಯೋಚಿಸುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟುತ್ತಿದ್ದರು.

“ನೀನು ಅವ್ನಿಗೆ ಹಿಡಿಸ್ಲಿಲ್ಲ ಕಣೇ” ಎಂದಳು ದೊಡ್ಡಮ್ಮ, ಲೋಟ ಎತ್ತಿಡುತ್ತಾ. “ನನ್ನ ಕೈಲಾದ್ದು ನಾನು ಮಾಡ್ದೆ.” ಮುಂದಿನ ಸಲ ಮೇಣ ತಂದವನು ಅವನ ತಮ್ಮ. ಬಾಗಿಲಾಚೆಯೇ ಇಟ್ಟು ಹೋದ.

ವರ್ಷಗಳು ಉರುಳಿದವು. ಹಚ್ಚಿ, ಸುಟ್ಟು, ಮಾಗಿ, ಮತ್ತೆ ಹಚ್ಚಿ, ಮುನಿಯ ಮುಂಗೈ ಹಿಮ್ಮಡಿಯ ಹಾಗೆ ದಪ್ಪವಾಯಿತು. ಒಂದು ಚಳಿಗಾಲದಲ್ಲಿ ದೊಡ್ಡಮ್ಮ ಹಚ್ಚಿದ ಮುಲಾಮು ಮೂಗಿಗೆ ಹಿಡಿದರೇ ಗೊತ್ತಾಗುವಷ್ಟು ಹಳಸಿತ್ತು. ದೊಡ್ಡಮ್ಮ ಮೂಸುವುದನ್ನು ಬಿಟ್ಟು ಮುಂಗೈಯನ್ನೇ ನಂಬಿದ್ದಳು. ಮುನಿ ತುರಿಕೆಗಾಗಿ ಕಾದಳು. ಸಂಜೆಯಾಯಿತು, ಬೆಳಗಾಯಿತು, ಕೈ ಸುಮ್ಮನಿತ್ತು. ಒಲೆಯಿಂದ ಬಿಸಿ ಚಮಚ ತೆಗೆದು ತಾಗಿಸಿ ನೋಡಿದಳು. ಏನೋ ಒತ್ತಿದ ಹಾಗಾಯಿತು, ಬಿಸಿ ಗೊತ್ತಾಗಲಿಲ್ಲ.

ಅವಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ಭಯ. ಸುಳ್ಳು ಹೇಳದ ಕೈ ಎಂದು ಊಟ ಹಾಕುತ್ತಿದ್ದ ಮನೆ, ಏನನ್ನೂ ಹೇಳದ ಕೈಗೆ ಯಾಕೆ ಊಟ ಹಾಕುತ್ತದೆ? ಅವಳು ಬಚ್ಚಲಿಗೆ ಹೋಗಿ, ಪಾತ್ರೆ ತಿಕ್ಕುವ ನಾರಿನಿಂದ ಮುಂಗೈಯನ್ನು ರಕ್ತ ಜಿನುಗುವಷ್ಟು ಉಜ್ಜಿದಳು. ಹೊರಗೆ ಬಂದು, “ದೊಡ್ಡಮ್ಮ, ಈ ಸಲದ್ದು ಸರಿ ಇಲ್ಲ” ಎಂದಳು. ದೊಡ್ಡಮ್ಮ ಎಣ್ಣೆಯವನಿಗೆ ಶಾಪ ಹಾಕುತ್ತಾ ಮಡಕೆ ಬರಿದು ಮಾಡಿದಳು. ಆಮೇಲೆ ಮುನಿ ಮೂಗಿನಿಂದಲೇ ಬದುಕಿದಳು. ಎಣ್ಣೆಯ ವಾಸನೆ ನೋಡಿ ಒಳ್ಳೆಯದಾದರೆ ಕೈ ಹಾಗೇ ತೋರಿಸುತ್ತಿದ್ದಳು, ಕೆಟ್ಟದ್ದಾದರೆ ನಾರು. ಯಾರಿಗೂ ಅನುಮಾನ ಬರಲಿಲ್ಲ.

ಹೀಗಿರುವಾಗ ಅಕ್ಕ ತವರಿಗೆ ಬಂದಳು. ಎರಡನೆಯ ಹೆರಿಗೆಯಾದ ಮೇಲೆ ಅವಳ ಎರಡೂ ಕೆನ್ನೆಗೆ ಬಂಗು ಬಂದಿತ್ತು, ಚಹಾ ಚೆಲ್ಲಿ ಒರೆಸದೆ ಬಿಟ್ಟಂಥ ಕಂದು ಬಣ್ಣ. ಗಂಡನ ಮನೆಯಲ್ಲಿ ನಾದಿನಿ ಡಬ್ಬಿಯ ಮೇಲಿನ ಚಿತ್ರವನ್ನೂ ಅವಳ ಮುಖವನ್ನೂ ಪಕ್ಕಪಕ್ಕ ಹಿಡಿದು ನಕ್ಕಿದ್ದಳಂತೆ. ಬಂದ ದಿನವೇ ಅಕ್ಕ ಕನ್ನಡಿಯ ಮುಂದೆ ಕೂತು ಅತ್ತಳು.

“ನಿನ್ನ ಮುಲಾಮು ಊರಿಗೆಲ್ಲ ಆಗುತ್ತೆ, ನನಗೆ ಏನೂ ಇಲ್ವಾ ಅಮ್ಮ?”

ದೊಡ್ಡಮ್ಮ ಅಟ್ಟದಿಂದ ಪೊಟ್ಟಣ ಇಳಿಸಿದಳು.

ಈ ಸಲ ಮೇಣ ಒಡೆಯದ ಹಾಗೆ ಎಣ್ಣೆಯಲ್ಲೇ ಪುಡಿಯನ್ನು ಅರೆದು, ಮುನಿಯಿಂದಲೇ ಮುಲಾಮು ಮಾಡಿಸಿದಳು. ಮುನಿ ಹದ ನೋಡಿದಳು. ಚೆನ್ನಾಗಿ ಬಂದಿತ್ತು, ಬೆಣ್ಣೆಯ ಹಾಗೆ. ದೊಡ್ಡಮ್ಮ ಮುಂಗೈಗೆ ಹಚ್ಚಿ ಬಿಟ್ಟಳು. ಆ ಪುಡಿಗೆ ವಾಸನೆ ಇರಲಿಲ್ಲ. ಮೂಗು ಹೇಳಲಾರದು, ಕೈ ಹೇಳಲಾರದು. ಮುನಿ ಆ ದಿನವಿಡೀ ಹೇಳಿಬಿಡಬೇಕೆಂದುಕೊಂಡಳು. ಮಗುವಿನ ಬಟ್ಟೆ ಒಗೆಯುವಾಗ ಅಂದುಕೊಂಡಳು, ಅಕ್ಕನ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಅಂದುಕೊಂಡಳು. ಅಕ್ಕ ಬೋರಲು ಮಲಗಿ, ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಮುನಿ, ಎಡಗೈ ತಾಗಿಸ್ಬೇಡ್ವೇ. ಮೀನಿನ ಸಿಪ್ಪೆ ಹಾಗಿದೆ, ಅಸಹ್ಯ ಆಗುತ್ತೆ.”

ಮುನಿ ಬಲಗೈಯೊಂದರಲ್ಲೇ ತಿಕ್ಕಿ ಮುಗಿಸಿದಳು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಮುಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಏನಾದ್ರೂ ಆಯ್ತಾ?”

“ಏನೂ ಆಗಿಲ್ಲ” ಎಂದಳು ಮುನಿ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ.

ಅಕ್ಕ ಸ್ನಾನ ಮಾಡಿ, ಎರಡೂ ಕೆನ್ನೆಗೆ ದಪ್ಪಗೆ ಮೆತ್ತಿಕೊಂಡು ಮಲಗಿದಳು. ಬೇಗ ಬೆಳ್ಳಗಾಗಲಿ ಎಂದು ತೊಳೆಯಲೂ ಇಲ್ಲ. ಊಟದ ಹೊತ್ತಿಗೆ ಚೀರಾಟ ಕೇಳಿಸಿತು. ಕೆನ್ನೆ ಕೆಂಡದಂತಾಗಿತ್ತು, ಕಣ್ಣಿನ ಕೆಳಗೆ ಚರ್ಮ ಬೆಂದು ಎದ್ದಿತ್ತು. ದೊಡ್ಡಮ್ಮ ಅಲ್ಲೇ ನಿಂತು ಎದೆ ಬಡಿದುಕೊಂಡಳು. ಏನು ಮಾಡಬೇಕೆಂದು ಆ ಮನೆಯಲ್ಲಿ ಗೊತ್ತಿದ್ದವಳು ಮುನಿಯೊಬ್ಬಳೇ, ಯಾಕೆಂದರೆ ಅದೆಲ್ಲ ಅವಳಿಗೆ ಆಗಿತ್ತು. ತಣ್ಣೀರು ತಂದು ಮೇಲಿಂದ ಸುರಿದಳು, ಉಜ್ಜಬೇಡ ಎಂದು ಅಕ್ಕನ ಕೈಗಳನ್ನು ಹಿಡಿದಳು, ಒದ್ದೆ ಬಟ್ಟೆ ಬದಲಿಸುತ್ತಾ ಕೂತಳು. ಅಕ್ಕ ಅವಳ ಎಡಗೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, “ಬಿಡ್ಬೇಡ, ಬಿಡ್ಬೇಡ” ಎನ್ನುತ್ತಿದ್ದಳು. ಮುನಿಯ ಒಳಗೆ ಎಲ್ಲೋ ಒಂದು ಕಡೆ ತಂಪಾಯಿತು. ಆ ತಂಪು ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಾಯಿತು, ಆದರೂ ಅದು ಹೋಗಲಿಲ್ಲ.

ಅಕ್ಕನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿ, ಫೋನು ಮಾಡಿ ಕರೆಸಿದ ಅಳಿಯನನ್ನು ಅಲ್ಲಿ ಕೂರಿಸಿ, ದೊಡ್ಡಮ್ಮ ಮನೆಗೆ ಬಂದಳು. ಬಂದವಳೇ ಮುನಿಯ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳ ಎಡಗೈ ಎಳೆದು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷಿಸಿದಳು. ದೊಡ್ಡಪ್ಪನ ಮಷೀನಿನ ಮೇಲಿದ್ದ ಸೂಜಿಮೆತ್ತೆಯಿಂದ ಒಂದು ಸೂಜಿ ಕಿತ್ತು ಮುಂಗೈಗೆ ಚುಚ್ಚಿದಳು. ಮುನಿ ಕಣ್ಣು ಮಿಟುಕಿಸಲಿಲ್ಲ. ಇನ್ನೊಂದು ಕಡೆ ಚುಚ್ಚಿದಳು. ರಕ್ತದ ಹನಿ ಬಂತು, ಮುಖದಲ್ಲಿ ಏನೂ ಬರಲಿಲ್ಲ.

“ಯಾವಾಗಿಂದ?”

“ಹೋದ ಚಳಿಗಾಲದಿಂದ.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ರೆ ಊಟ ಹಾಕ್ತಿದ್ರಾ?”

ದೊಡ್ಡಮ್ಮ ಅವಳನ್ನೇ ನೋಡಿದಳು. ಅವಳಿಗೆ ಮಗಳ ಸುಟ್ಟ ಮುಖ ನೆನಪಾಗುತ್ತಿತ್ತೋ, ತಂಗಿಯ ಮುಖ ನೆನಪಾಗುತ್ತಿತ್ತೋ, ಮುನಿಗೆ ತಿಳಿಯಲಿಲ್ಲ. ಒಂದು ಕ್ಷಣ ದೊಡ್ಡಮ್ಮ ಅಳುತ್ತಾಳೆ ಎನಿಸಿತು. ದೊಡ್ಡಮ್ಮ ಸೂಜಿಯನ್ನು ಸೆರಗಿಗೆ ಒರೆಸಿ ಮೆತ್ತೆಗೆ ಚುಚ್ಚಿದಳು.

“ಬಲಗೈ ತೋರ್ಸು” ಎಂದಳು.

ಮುನಿ ಬಲಗೈಯನ್ನು ಬೆನ್ನ ಹಿಂದೆ ಒಯ್ದಳು. ಆ ಮನೆಗೆ ಬಂದ ಮೇಲೆ ಅವಳು ಹಿಂದೆ ಸರಿಸಿಕೊಂಡ ಮೊದಲನೆಯ ವಸ್ತು ಅದು.

“ಇಲ್ಲ.”

“ಏನಂದೆ?”

“ಇಲ್ಲ ದೊಡ್ಡಮ್ಮ. ಇದು ಬೇಡ.”

“ಹಾಗಾದ್ರೆ ಬಾಗಿಲು ಅಲ್ಲಿದೆ ನೋಡು” ಎಂದಳು ದೊಡ್ಡಮ್ಮ. ದನಿ ಏರಿಸಲಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸಿದ ಹಾಗೆ ಹೇಳಿದಳು.

ಮುನಿ ಉಟ್ಟ ಸೀರೆಯಲ್ಲೇ ಹೊರಟಳು. ಬೀದಿಯ ತಿರುವಿಗೆ ಬರುವಾಗ ಹಿಂದಿನಿಂದ ಚಪ್ಪಲಿಯ ಸದ್ದು. ತಿರುಗಿ ನೋಡಿದರೆ ದೊಡ್ಡಪ್ಪ, ಏದುಸಿರು ಬಿಡುತ್ತಾ ಓಡಿಬರುತ್ತಿದ್ದ, ಕೊರಳಲ್ಲಿ ಅಳತೆಯ ಟೇಪು ಜೋಲಾಡುತ್ತಿತ್ತು. ಅವಳ ಕಣ್ಣು ತುಂಬಿಬಂತು. ಒಬ್ಬನಾದರೂ ಬಂದನಲ್ಲ, ವಾಪಸು ಬಾ ಅನ್ನದಿದ್ದರೂ ಪರವಾಗಿಲ್ಲ, ಹುಷಾರು ಅಂದರೆ ಸಾಕು ಎಂದುಕೊಂಡಳು.

ಅವನು ಹತ್ತಿರ ಬಂದು, ಅತ್ತಿತ್ತ ನೋಡಿ, ಕೈ ಚಾಚಿದ.

“ಹಿಂಬಾಗಿಲ ಬೀಗದ ಕೈ ನಿನ್ನ ಸೊಂಟದಲ್ಲೇ ಉಳ್ಕೊಂಡಿದೆಯಂತೆ ಕಣಮ್ಮ.”

ಅವಳು ಬಿಚ್ಚಿ ಕೊಟ್ಟಳು.

ಊರಿನ ಇನ್ನೊಂದು ತುದಿಯಲ್ಲಿ, ಬಸ್ಸು ನಿಲ್ಲುವ ಜಾಗದ ಹಿಂದೆ ಒಂದು ಬೇಕರಿ ಇದೆ. ಹಗಲಿಡೀ ಬ್ರೆಡ್ಡು, ಬನ್ನು, ಬಿಸ್ಕತ್ತು. ಅಲ್ಲಿ ಕೆಲಸ ಕೇಳಿದಾಗ ಬೇಕರಿಯ ಮಾಸ್ಟರು ಅವಳ ಕೈ ನೋಡಿ, “ಒಲೆ ಕೆಲಸ ಮಾಡಿದೀಯಾ ಅನ್ಸುತ್ತೆ” ಎಂದ. ಹೌದು ಎಂದಳು. ಒಲೆಯ ಬಾಯಿಂದ ತಟ್ಟೆ ಎಳೆಯುವಾಗ ಎಲ್ಲರ ಮುಂಗೈಗೂ ಕಬ್ಬಿಣದ ಅಂಚು ತಾಗುತ್ತದೆ, ಎಲ್ಲರೂ “ಅಮ್ಮಾ” ಎಂದು ಕೈ ಕೊಡವುತ್ತಾರೆ. ಮುನಿ ಕೊಡವುತ್ತಿರಲಿಲ್ಲ. ಮಾಸ್ಟರಿಗೆ ಇದು ದೊಡ್ಡ ತಮಾಷೆಯಾಯಿತು. ಹೊಸಬರು ಬಂದರೆ ಅವಳನ್ನು ಕರೆದು, “ನೋಡ್ರೋ, ಉಕ್ಕಿನ ಕೈ!” ಎಂದು ಬಿಸಿ ತಟ್ಟೆಯ ಅಂಚಿಗೆ ಮುಂಗೈ ತಾಗಿಸಲು ಹೇಳುತ್ತಿದ್ದ. ಅವಳು ತಾಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕೆಲವು ದಿನ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೇ ಅವಳು ಕೈ ತೆಗೆಯುತ್ತಿದ್ದಳು.

ಅಕ್ಕನ ಸುದ್ದಿ ಬನ್ನು ಕೊಳ್ಳಲು ಬಂದ ಎದುರುಮನೆಯ ಟೀಚರಿಂದ ತಿಳಿಯಿತು. ಗಾಯ ಮಾಗಿತಂತೆ, ಒಂದು ಕೆನ್ನೆಯಲ್ಲಿ ಬಿಳಿ ಕಲೆ ನಿಂತುಬಿಟ್ಟಿತಂತೆ, ಗಂಡನ ಮನೆಯವರು ಕರೆಸಿಕೊಳ್ಳಲು ಮೀನಮೇಷ ಎಣಿಸುತ್ತಿದ್ದಾರಂತೆ. “ನಿನ್ನದೇ ಕೈವಾಡ ಅಂತ ನಿಮ್ಮ ದೊಡ್ಡಮ್ಮ ಬೀದಿಗೆಲ್ಲ ಹೇಳ್ತಾಳಮ್ಮ. ಬೇಕಂತ ಮಾಡಿದ್ಯಾ?” ಎಂದು ಟೀಚರು ದನಿ ತಗ್ಗಿಸಿ ಕೇಳಿದರು. ಮುನಿ ಬನ್ನು ಕಟ್ಟಿಕೊಟ್ಟಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಒಲೆಯ ಮುಂದೆ ಅವಳಿಗೆ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ಹೆದರಿಕೆಯಾಯಿತು.

ಬೇಕರಿಯಲ್ಲಿ ಅವಳಿಗೆ ಮಲಗಲು ಜಾಗ ಕೊಟ್ಟವಳು ತಟ್ಟೆ ತಿಕ್ಕುವ ಹೆಂಗಸು. ವಯಸ್ಸಿನಲ್ಲಿ ದೊಡ್ಡವಳು, ವಿಧವೆ, ತನ್ನ ಒಂದೇ ಕೋಣೆಯ ಅರ್ಧವನ್ನು ಒಂದು ಮಾತಿಲ್ಲದೆ ಬಿಟ್ಟುಕೊಟ್ಟಿದ್ದಳು. ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ಜಿಡ್ಡು ತಟ್ಟೆ ತಿಕ್ಕಿ ತಿಕ್ಕಿ ಅವಳ ಅಂಗೈ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಮುನಿ ಯಾವ ಮನೆಯಿಂದ ಬಂದವಳೆಂದು ಹೇಗೋ ಅವಳ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಬಿರಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

“ನಿಂಗೆ ಮುಲಾಮು ಮಾಡೋಕೆ ಬರುತ್ತಂತಲ್ಲ. ನಂಗೊಂದು ಚಿಕ್ಕ ಡಬ್ಬಿ ಮಾಡ್ಕೊಡೇ ತಾಯಿ. ರಾತ್ರಿ ನಿದ್ದೆ ಬರಲ್ಲ, ಅಷ್ಟು ಉರಿಯುತ್ತೆ.”

ಎಣ್ಣೆ ಬೇಕರಿಯಲ್ಲೇ ಇತ್ತು. ಹೂವು ಬೇಲಿಯಲ್ಲಿತ್ತು. ಮೇಣ ಪೇಟೆಯಲ್ಲಿ ಸಿಗುತ್ತಿತ್ತು. ಎಸಳು ಒಣಗಿದ ಮೇಲೆ ಒಂದು ಮಧ್ಯಾಹ್ನದ ಕೆಲಸ. ಮುನಿ ಆ ಕೈಗಳನ್ನು ನೋಡಿದಳು.

“ನಂಗೆ ಬರಲ್ಲ” ಎಂದಳು.

“ಬರಲ್ವಾ? ಅಷ್ಟು ವರ್ಷ ಆ ಮನೇಲಿದ್ದು?”

“ಬರಲ್ಲ ಅಂದ್ನಲ್ಲ!”

ಹೆಂಗಸು ಪೆಚ್ಚಾಗಿ ಎದ್ದು ತೊಟ್ಟಿಯ ಹತ್ತಿರ ಹೋದಳು. ಸೋಡಾ ನೀರಿಗೆ ಕೈ ಇಳಿಸುವಾಗ ಹಲ್ಲು ಕಚ್ಚಿದ್ದು ಮುನಿ ನಿಂತಲ್ಲಿಗೂ ಕಾಣಿಸಿತು. ಮುನಿ ಒಲೆಯ ಕಡೆ ತಿರುಗಿ, ಬೆಂದ ಬ್ರೆಡ್ಡಿನ ತಟ್ಟೆಯನ್ನು ಹೊರಕ್ಕೆ ಎಳೆದಳು.